ಏಳು ಕೋಟಿ ಕಾರು, ಎಂಟು ಹಾರ್ಸ್‌ಪವರ್ ಸ್ಪ್ಲೆಂಡರು, ಒಂದೇ ಹಂಪು

ಫೆರಾರಿ ಎಸ್‌ಎಫ್90 ಅಂತ ಒಂದು ಕಾರಿದೆ, ಸಾವಿರ ಹಾರ್ಸ್‌ಪವರ್, ನಿಂತಲ್ಲಿಂದ ನೂರರ ಸ್ಪೀಡಿಗೆ ಎರಡೂವರೆ ಸೆಕೆಂಡು, ಟಾಪ್ ಸ್ಪೀಡ್ 340, ರೇಟು ಏಳು ಕೋಟಿ ಮೇಲಿತ್ತು. ಹೀರೋ ಸ್ಪ್ಲೆಂಡರ್ ಅಂತ ಒಂದು ಬೈಕಿದೆ, 97 ಸಿಸಿ, ಎಂಟು ಹಾರ್ಸ್‌ಪವರ್, ಟಾಪ್ ಸ್ಪೀಡ್ ಎಷ್ಟು ಅಂತ ತಗೊಂಡೋರು ಯಾರೂ ಕೇಳಿಲ್ಲ, ಎಷ್ಟು ಕೊಡುತ್ತೆ ಅಂತ ಕೇಳಿದ್ದಾರೆ ಅಷ್ಟೆ. ಎರಡನ್ನೂ ತಂದು ಸಂಜೆ ಆರೂವರೆಗೆ ಸಿಲ್ಕ್ ಬೋರ್ಡಲ್ಲಿ ಬಿಡಿ, ಯಾವುದು ಮುಂದೆ ಹೋಗುತ್ತೆ ಅಂತ ಬೆಂಗಳೂರಿನ ಯಾವ ಮಗುನ ಬೇಕಾದ್ರೂ ಕೇಳಿ. ಊರೂರಿನ ಟ್ರಾಫಿಕ್ ಅಳೆಯೋ ಟಾಮ್‌ಟಾಮ್ ಕಂಪನಿಯೋರು 2024ರ ಲೆಕ್ಕ ಹಾಕ್ದಾಗ ಈ ಊರಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ ಅಂತ ಬಂತು, ಅಂದ್ರೆ ಗಂಟೆಗೆ 18 ಕೂಡ ಇಲ್ಲ. ಅಷ್ಟು ಸ್ಪೀಡಿಗೆ ಏಳು ಕೋಟಿ ಕೊಟ್ಟಿರೋರ ಧೈರ್ಯಕ್ಕೆ ನಾನಂತೂ ಕೈ ಮುಗೀತೀನಿ.

ಆದ್ರೂ ಈ ಇಬ್ರೂ ರೋಡು ಹಂಚ್ಕೊಂಡಿದಾರೆ ಅನ್ನೋದು ಪೂರ್ತಿ ನಿಜ ಅಲ್ಲ, ಹಂಚ್ಕೊಂಡಿರೋದು ಹಂಪು ಮತ್ತು ಗುಂಡಿ, ರೋಡು ಅದರ ಮಧ್ಯೆ ಅಲ್ಲಲ್ಲಿ ಸಿಗುತ್ತೆ.

ಹಂಪಿನ ವಿಷಯ ಬಂತಲ್ಲ, ಹೇಳ್ಬಿಡ್ತೀನಿ. ರೋಡು ಹೇಗಿರ್ಬೇಕು ಅಂತ ನಿಯಮ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನೋರು ಬರೆದಿಟ್ಟಿರೋ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ ಇರ್ಬೇಕು, 3.7 ಮೀಟರ್ ಅಗಲ ಇರ್ಬೇಕು, ಗಾಡಿ ಮೆಲ್ಲಗೆ ಏರಿ ಮೆಲ್ಲಗೆ ಇಳೀಬೇಕು. ನಮ್ಮ ಏರಿಯಾದ ಹಂಪುಗಳು ರಾತ್ರೋರಾತ್ರಿ ಹುಟ್ಟಿದವು, ಅವಕ್ಕೆ ಆ ಪುಸ್ತಕ ಓದೋಕೆ ಟೈಮ್ ಸಿಕ್ಕಿಲ್ಲ. ಅಂಥದೊಂದರ ಮುಂದೆ ಲ್ಯಾಂಬೋರ್ಗಿನಿ ಬಂದು ನಿಲ್ಲೋದನ್ನ ನೀವು ನೋಡ್ಬೇಕು. ಮೊದ್ಲು ಬ್ರೇಕ್ ಲೈಟ್ ಹತ್ತುತ್ತೆ. ಒಳಗಿರೋರು ಒಂದು ಬಟನ್ ಒತ್ತುತಾರೆ, ಮೂತಿ ನಿಧಾನಕ್ಕೆ ಮೇಲೇಳುತ್ತೆ. ಸಾಲಲ್ಲ. ಕಾರು ಸ್ವಲ್ಪ ಹಿಂದೆ ಬರುತ್ತೆ, ಹಿಂದೆ ಇರೋ ಆಟೋದವರು ಬೈತಾರೆ, ಅದರ ಹಿಂದೆ ಬಿಎಂಟಿಸಿ ಡ್ರೈವರ್ರು ಹಾರನ್ ಮೇಲೆ ಕೈ ಇಟ್ರೆ ತೆಗೆಯಲ್ಲ, ಎಡಕ್ಕೊಂದು ಬಲಕ್ಕೊಂದು ಅಂತ ಸ್ಕೂಟರ್‌ಗಳು ಕಾರನ್ನ ಸವರಿಕೊಂಡು ಹೋಗ್ತಾನೇ ಇರ್ತವೆ. ಆಗ ಎಲ್ಲಿಂದಲೋ ಒಬ್ಬರು ಅಂಕಲ್ ಪ್ರತ್ಯಕ್ಷ ಆಗ್ತಾರೆ. ಟಿವಿಎಸ್ ಎಕ್ಸ್‌ಎಲ್ ಮೇಲೆ ಎರಡು ಖಾಲಿ ಸಿಲಿಂಡರ್, ಕಾಲಲ್ಲಿ ಹವಾಯಿ ಚಪ್ಪಲಿ. ಗಾಡಿ ಸ್ಟ್ಯಾಂಡ್ ಹಾಕಿ ಕಾರಿನ ಮುಂದೆ ನಿಂತು ಶುರು ಮಾಡ್ತಾರೆ:

"ಬನ್ನಿ ಬನ್ನಿ ಬನ್ನಿ... ಸಾರ್ ಕ್ರಾಸಲ್ಲಿ ತಗೊಳ್ಳಿ... ಫುಲ್ ರೈಟ್ ಒಡೀರಿ... ಹಾ... ಇನ್ನೊಂಚೂರು... ಬಿಡಿ ಬಿಡಿ ಬಿಡಿ... ಹೋಲ್ಡ್!"

ಜೀವಮಾನದಲ್ಲಿ ಆ ಕಾರಿನ ಬಾಗಿಲು ಮುಟ್ಟಿಲ್ಲ ಮನುಷ್ಯ, ಆದ್ರೆ ಇಟಲಿಯಿಂದ ಕಂಪನಿಯೋರೇ ಕಳಿಸಿದಾರೇನೋ ಅನ್ನೋ ಥರ ಕೈ ಆಡಿಸ್ತಾರೆ. ಹೊಟ್ಟೆ ಕೆಳಗೆ ಸಣ್ಣದಾಗಿ ಕರ್ರ್ ಅಂತ ಒಂದು ಸೌಂಡ್ ಬಂದು ಕಾರು ದಾಟುತ್ತೆ, ಗ್ಲಾಸ್ ಇಳಿಯುತ್ತೆ, ಥ್ಯಾಂಕ್ಸ್ ಬರುತ್ತೆ. ಅಂಕಲ್ಲು ಅಷ್ಟಕ್ಕೇ ಬಿಡಲ್ಲ, "ಗಾಡಿ ತುಂಬಾ ತಗ್ಗಿದೆ ಸಾರ್, ಜೆ.ಸಿ. ರೋಡಲ್ಲಿ ಹೇಳಿದ್ರೆ ಬೇರೆ ಸ್ಪ್ರಿಂಗ್ ಹಾಕ್ಕೊಡ್ತಾರೆ, ಎತ್ತರ ಆಗುತ್ತೆ" ಅಂತ ಬುದ್ಧಿ ಹೇಳಿ ಎಕ್ಸ್‌ಎಲ್ ಒದ್ದು ಸ್ಟಾರ್ಟ್ ಮಾಡ್ಕೊಂಡು ಕಾರನ್ನ ಓವರ್‌ಟೇಕ್ ಮಾಡ್ಕೊಂಡು ಹೋಗ್ತಾರೆ. ಈ ಊರಲ್ಲಿ ಬೈಕಿನೋರಿಗೂ ಸ್ಪೋರ್ಟ್ಸ್ ಕಾರಿನೋರಿಗೂ ಇರೋ ಅತ್ಯುತ್ತಮ ಸಂಬಂಧ ಇದೇ, ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ.

ಮಿಕ್ಕ ಸಂಬಂಧ ಎಲ್ಲ ಮೊಬೈಲ್ ಮೂಲಕ. ಭಾನುವಾರ ವಿಠಲ್ ಮಲ್ಯ ರೋಡ್ ಕಡೆ ಹೋಗಿ, ಯುಬಿ ಸಿಟಿ ಎದುರು ಪುಟ್‌ಪಾತ್ ತುಂಬ ಫೋನ್ ಹಿಡ್ಕೊಂಡ ಹುಡುಗ್ರು. ಒಂದು ಹಳದಿ ಕಾರು ತಿರುವಲ್ಲಿ ಕಂಡ್ರೆ ಸಾಕು, ಎರಡು ಡ್ಯೂಕು ಮೂರು ಡಿಯೋ ಹಿಂದೆ ಬಿದ್ವು ಅಂತಲೇ. ಹಿಂದೆ ಕೂತಿರೋನು ವಿಡಿಯೋ ಮಾಡಿದ್ರೆ ಪರವಾಗಿಲ್ಲ, ಓಡಿಸ್ತಿರೋನೂ ಎಡಗೈಲಿ ವಿಡಿಯೋ ಮಾಡ್ತಿರ್ತಾನೆ, ಹೆಲ್ಮೆಟ್ ಮೊಣಕೈಗೆ ಹಾಕಿರ್ತಾನೆ, ಮೊಣಕೈ ಪೂರ್ತಿ ಸೇಫು. ಸಿಗ್ನಲ್ಲಲ್ಲಿ ಕಿಟಕಿ ಪಕ್ಕ ಬಂದು "ಅಣ್ಣಾ ಒಂದ್ಸಲ ಸೌಂಡ್ ಕೊಡಿ ಅಣ್ಣಾ, ಪ್ಲೀಸ್ ಅಣ್ಣಾ". ಅಣ್ಣ ಮೊದ್ಲು ಕೇಳಿಸ್ಲಿಲ್ಲ ಅನ್ನೋ ಥರ ಇರ್ತಾರೆ, ಆಮೇಲೆ ಒಂದು ಒತ್ತು ಒತ್ತುತಾರೆ, ಎದುರಿಗಿರೋ ಆಸ್ಪತ್ರೆ ಕಿಟಕಿ ಗ್ಲಾಸು ಒಂದ್ಸಲ ಅಲ್ಲಾಡುತ್ತೆ, ಹುಡುಗ್ರು ಕೇಕೆ ಹಾಕ್ತಾರೆ, ಅಜ್ಜಿ ಒಬ್ರು ಎದೆ ಹಿಡ್ಕೋತಾರೆ. ಆ ವಿಡಿಯೋಗೆ ಲಕ್ಷ ಲೈಕು. ಅಜ್ಜಿ ಫ್ರೇಮಲ್ಲಿ ಬಂದಿರಲ್ಲ.

ಅದೇ ಸೌಂಡನ್ನ ಒಂದು ಹಳೇ ಆರ್‌ಎಕ್ಸ್ 100ನೋ ಬುಲೆಟ್ಟೋ ಮಾಡಿದ್ರೆ? ಆಗ ಪೊಲೀಸ್ರು ಸೈಲೆನ್ಸರ್ ಬಿಚ್ಚಿಸಿ, ಹಿಂಗೆ ಬಿಚ್ಚಿಸಿದ ಸೈಲೆನ್ಸರ್‌ಗಳನ್ನೆಲ್ಲ ರೋಡಲ್ಲಿ ಸಾಲಾಗಿ ಮಲಗಿಸಿ, ರೋಡ್ ರೋಲರ್ ತರಿಸಿ ಹತ್ತಿಸ್ತಾರೆ, ಪೇಪರ್‌ನೋರನ್ನ ಕರೆದು ಫೋಟೋ ತೆಗೆಸ್ತಾರೆ. ನಮ್ಮ ರಾಜ್ಯದಲ್ಲಿ ಊರೂರಲ್ಲೂ ಈ ಕಾರ್ಯಕ್ರಮ ನಡೆದಿದೆ, ರೋಡ್ ಮಾಡೋಕೆ ಸಿಗದ ರೋಡ್ ರೋಲರ್ ಇದಕ್ಕೆ ಮಾತ್ರ ಟೈಮಿಗೆ ಸರಿಯಾಗಿ ಬರುತ್ತೆ. ಮಾಡಿದ್ದು ಸರಿನೇ, ಮಧ್ಯರಾತ್ರಿ ಪಟಾಕಿ ಥರ ಹೊಡೆಯೋ ಸೈಲೆನ್ಸರ್‌ಗೆ ನಾನೇನೂ ಅಳಲ್ಲ. ಆದ್ರೆ ಕಾರಿನೋರನ್ನ ಕೇಳಿದ್ರೆ "ಇದು ಕಂಪನಿಯಿಂದಾನೇ ಬಂದಿರೋ ಸೌಂಡ್ ಸಾರ್" ಅಂತಾರೆ. ಅಂದ್ರೆ ಪಾಠ ಏನಪ್ಪಾ ಅಂದ್ರೆ, ಗಲಾಟೆ ಮಾಡೋದಿದ್ರೆ ಲೋಕಲ್ ಅಂಗಡಿಯಲ್ಲಿ ಎರಡು ಸಾವಿರಕ್ಕೆ ಮಾಡಿಸ್ಕೋಬಾರ್ದು, ಫ್ಯಾಕ್ಟರಿಯಿಂದಾನೇ ಕೋಟಿ ಕೊಟ್ಟು ತರಿಸ್ಕೋಬೇಕು.

ಜನ ಏನು ಕಡಿಮೆನಾ. 2024ರ ಆಗಸ್ಟಲ್ಲಿ ತುಮಕೂರು ರೋಡಲ್ಲಿ, ನೆಲಮಂಗಲದ ಹತ್ರ, ವೀಲಿಂಗ್ ಮಾಡ್ತಿದ್ದ ಹುಡುಗರ ಸ್ಕೂಟರ್‌ಗಳನ್ನ ಜನ ಹಿಡಿದು ಎತ್ತಿ ಫ್ಲೈಓವರ್ ಮೇಲಿಂದ ಕೆಳಗೆ ಎಸೆದ್ರು, ಆ ವಿಡಿಯೋ ದೇಶ ಪೂರ್ತಿ ಓಡಾಡ್ತು, ಸರಿಯಾಗ್ ಮಾಡಿದ್ರು ಅಂತ ಎಲ್ಲರೂ ಚಪ್ಪಾಳೆ. ಈಗ ಯೋಚನೆ ಮಾಡಿ, ಏರ್‌ಪೋರ್ಟ್ ರೋಡಲ್ಲಿ ಬೆಳಗಿನ ಜಾವ ಝುಂಯ್ ಅಂತ ಹೋಗೋ ಲ್ಯಾಂಬೋರ್ಗಿನಿನ ಹಂಗೆ ಎತ್ತಿ ಎಸೀತೀವಾ? ಒಂದೂವರೆ ಟನ್ ಮೇಲಿದೆ, ಎತ್ತೋಕೆ ಮೂವತ್ತು ಜನ ಬೇಕು, ಎಸೆದ ಮೇಲೆ ಮೂವತ್ತು ಜನಕ್ಕೂ ಒಬ್ಬೊಬ್ಬ ಲಾಯರ್ ಬೇಕು. ಅದಕ್ಕೇ ಜನರ ಕೋಪ ಯಾವಾಗಲೂ ನೂರು ಕೆ.ಜಿ. ಆಸುಪಾಸಿನ ಗಾಡಿ ಮೇಲೇ ಬರೋದು.

ಬೈಕಿನೋರು ಪಾಪ, ಬಡವರು, ಮುಗ್ಧರು ಅಂತ ಬರೀತಿದೀನಿ ಅಂದ್ಕೋಬೇಡಿ. ಪುಟ್‌ಪಾತ್ ಅನ್ನೋದು ತಮ್ಮ ಎಕ್ಸ್‌ಟ್ರಾ ಲೇನು ಅಂತ ತಿಳ್ಕೊಂಡಿರೋದು ಯಾರು, ಒನ್ ವೇನಲ್ಲಿ ಎದುರಿಗೆ ಬಂದು ನಮಗೇ ಲೈಟ್ ಹೊಡೆದು ಸೈಡಿಗೆ ಹೋಗು ಅನ್ನೋದು ಯಾರು. ಎರಡು ಕಾರಿನ ಮಧ್ಯೆ ಒಂದು ಪೇಪರ್ ತೂರೋಷ್ಟು ಜಾಗ ಇದ್ರೆ ಅಲ್ಲಿ ಮೂರು ಜನ ಕೂತ ಆಕ್ಟೀವಾ ಬರುತ್ತೆ. ಪೋರ್ಷೆಗೆ ಹ್ಯಾಂಡಲ್ ತಾಗಿ ಗೆರೆ ಬಿದ್ದಾಗ ನಡೆಯೋ ಮಾತುಕತೆನೂ ಗೊತ್ತಿರೋದೇ:

"ಲೋ, ನಿನ್ ಗಾಡಿ ಮಾರಿದ್ರೂ ಈ ಸ್ಕ್ರಾಚಿಗೆ ದುಡ್ಡು ಸಾಲಲ್ಲ, ಗೊತ್ತಾ?"

"ಹಂಗಾದ್ರೆ ಮಾರಲ್ಲ ಬಿಡಿ ಸಾರ್."

ಇನ್ನು ಸರ್ಕಾರ. 2025ರ ಫೆಬ್ರುವರಿ ಒಂದು ತಿಂಗಳು ಸಾಕು, ಇಡೀ ಕಥೆ ಅರ್ಥ ಆಗುತ್ತೆ. ಆ ತಿಂಗಳು ಬೆಂಗಳೂರಲ್ಲಿ ಒಂದು ಸ್ಕೂಟರ್ ಹಿಡಿದ್ರು, ಅದರ ಮೇಲೆ 311 ಕೇಸು, ದಂಡ 1.61 ಲಕ್ಷ, ಅಂದ್ರೆ ಸ್ಕೂಟರ್‌ಗಿಂತ ದಂಡಾನೇ ದುಬಾರಿ. ಮುನ್ನೂರ ಹನ್ನೊಂದು ಸಲ ಕ್ಯಾಮೆರಾ ಫೋಟೋ ತೆಗೆದಿದೆ, ಮನೇಲಿ ಮದ್ವೆ ಆಲ್ಬಮ್‌ನಲ್ಲೂ ಅಷ್ಟು ಫೋಟೋ ಇರಲ್ಲ. ಅದೇ ತಿಂಗಳು ಸಾರಿಗೆ ಇಲಾಖೆಯೋರು ಬೇರೆ ರಾಜ್ಯದ ನಂಬರಿನ 30 ದುಬಾರಿ ಕಾರು ಹಿಡಿದ್ರು, ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಎಲ್ಲ, ಬಾಕಿ ಇದ್ದ ಟ್ಯಾಕ್ಸ್ ಸುಮಾರು 3 ಕೋಟಿ. ವರ್ಷಕ್ಕಿಂತ ಜಾಸ್ತಿ ಇಲ್ಲೇ ಓಡಿಸಿದ್ರೆ ಇಲ್ಲೇ ಟ್ಯಾಕ್ಸ್ ಕಟ್ಬೇಕು, ಆದ್ರೆ ಮನೆ ಸದಾಶಿವನಗರ ಆದ್ರೂ ಕಾರಿನ ಮನೆ ಮಾತ್ರ ಪಾಂಡಿಚೇರಿ. ಆ ಸ್ಕೂಟರ್ ಹೆಲ್ಮೆಟ್ ಇಲ್ದೆ ಓಡಾಡಿದ್ದು ಕ್ಯಾಮೆರಾಗೆ ಪ್ರತಿ ಸಿಗ್ನಲ್ಲಲ್ಲೂ ಕಾಣ್ಸುತ್ತೆ, ಕೆಂಪು ಬಣ್ಣದ, ಕಿಲೋಮೀಟರ್ ದೂರಕ್ಕೇ ಕೇಳಿಸೋ ಕಾರು ಕಾಣ್ಸಲ್ಲ. ಆಮೇಲೆ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಕೆಂಪು ಫೆರಾರಿ ಒಂದಕ್ಕೆ ನೋಟಿಸ್ ಕೊಟ್ರು, ಓನರ್ರು 1.42 ಕೋಟಿ ಹತ್ರ ಒಂದೇ ಏಟಿಗೆ ಕಟ್ಟಿದ್ರು. ಅಷ್ಟರಲ್ಲಿ ನೂರೈವತ್ತು ಸ್ಪ್ಲೆಂಡರ್ ಬರ್ತಿತ್ತು. ನಮ್ ಕಡೆ ಹುಡುಗ್ರು ದಂಡ ಕಟ್ಟೋಕೆ ಸರ್ಕಾರ ಅರ್ಧ ರೇಟಿನ ಆಫರ್ ಯಾವಾಗ ಬಿಡುತ್ತೆ ಅಂತ ಕಾಯ್ತಾರೆ, 2023ರಲ್ಲಿ ಬಿಟ್ಟಿದ್ರು, 2025ರಲ್ಲೂ ಬಿಟ್ರು, ಹಬ್ಬದ ಸೇಲ್ ಥರ ಕ್ಯೂ.

ಆದ್ರೆ ಒಂದು ವಿಷಯದಲ್ಲಿ ಮಾತ್ರ ಕರ್ನಾಟಕದಲ್ಲಿ ಪೂರ್ತಿ ಸಮಾನತೆ ಇದೆ. 20 ಲಕ್ಷ ದಾಟಿದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್. 1 ಲಕ್ಷ ದಾಟಿದ ಬೈಕಿಗೂ 18 ಪರ್ಸೆಂಟ್, ಮೇಲೆ ಸೆಸ್ಸು ಇಬ್ರಿಗೂ. ಹಗಲು ರಾತ್ರಿ ಊಟ ಡೆಲಿವರಿ ಮಾಡೋ ಹುಡುಗ ಲೋನಲ್ಲಿ ತಗೊಂಡ ಪಲ್ಸರ್‌ಗೂ ಆ ಊಟ ಆರ್ಡರ್ ಮಾಡಿದೋರ ಫೆರಾರಿಗೂ ಒಂದೇ ಸ್ಲ್ಯಾಬು.

ಒಂದೇ ಸ್ಲ್ಯಾಬು ಅಂದ್ಮೇಲೆ ಒಂದೇ ರೋಡು ಅಂತ ಆ ಹುಡುಗ ಅಂದ್ಕೊಂಡು ಮೈಸೂರು ಕಡೆ ಹೊರಟ್ರೆ ಅಲ್ಲಿದೆ ಮಜಾ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ಯಾವುದಕ್ಕೂ ಪ್ರವೇಶ ಇಲ್ಲ. ಕಾರಣ ಇದೆ, ಸಾವು ಜಾಸ್ತಿ ಆಗಿತ್ತು, ನೂರರಲ್ಲಿ ಹೋಗೋ ಕಾರಿನ ಮಧ್ಯೆ ಐವತ್ತರಲ್ಲಿ ಹೋಗೋ ಗಾಡಿ ಇದ್ರೆ ಅಪಾಯ ಅಂದ್ರು, ಒಪ್ಪೋ ಮಾತೇ. ಹುಚ್ಚು ಸ್ಪೀಡಲ್ಲಿ ಹೋಗೋರಿಗೆ ಏನು ಮಾಡಿದ್ರು ಅಂತ ಕೇಳಿದ್ರೆ, 130 ದಾಟಿದ್ರೆ ಎಫ್‌ಐಆರ್ ಅಂತ ಬಂತು, ಅದು 2024ರ ಆಗಸ್ಟಲ್ಲಿ. ಬೈಕಿನೋರನ್ನ ಕೆಳಗಿಳಿಸಿ ಸರಿಯಾಗಿ ಒಂದು ವರ್ಷ ಆದ್ಮೇಲೆ. ಪಲ್ಸರ್ ಮಾತ್ರ ಸರ್ವಿಸ್ ರೋಡಲ್ಲಿ ಎಮ್ಮೆ, ಬಸ್‌ಸ್ಟಾಪು, ರಾಂಗ್ ಸೈಡ್ ಟ್ರಾಕ್ಟರ್ ಎಲ್ಲ ದಾಟ್ಕೊಂಡು ಹೋಗ್ಬೇಕು, ಅದು ಸುರಕ್ಷಿತ ಅಂತೆ.

ಗೊತ್ತಾಗ್ದೆ ಮೇಲೆ ಹತ್ತಿ ಸಿಕ್ಕಿಬಿದ್ದೋರ ಜೊತೆ ಮಾತು ಹಿಂಗಿರುತ್ತೆ.

"ಸಾರ್, ಬೇಕಾದ್ರೆ ಟೋಲ್ ಕಟ್ತೀನಿ ಸಾರ್."

"ಬೈಕಿಗೆ ಟೋಲ್ ಇಲ್ಲ ಕಣಪ್ಪಾ."

"ಹಂಗಾದ್ರೆ ಹೋಗ್ಲಾ ಸಾರ್?"

"ಟೋಲೂ ಇಲ್ಲ, ರೋಡೂ ಇಲ್ಲ. ಐನೂರು ಕಟ್ಟು, ಕೆಳಗಿಳಿ."

"ಎಕ್ಸಿಟ್ ಎಲ್ಲಿದೆ ಸಾರ್?"

"ಹಿಂದೆ ಹೋಯ್ತಲ್ಲ."

"ವಾಪಸ್ ತಿರುಗಿಸ್ಲಾ?"

"ತಿರುಗಿಸಿ ನೋಡು, ಅದಕ್ಕೆ ಬೇರೆ ಫೈನು."