ಗಾಜಿನ ಗೋಡೆಗೆ ಹಳೇ ಪೇಪರು

ನಮ್ಮ ಬೀಜದ ಲ್ಯಾಬಿನ ಪಡುವಣ ಗೋಡೆ ಪೂರ್ತಿ ಗಾಜು. ಹೊಸದಾಗಿ ಕಟ್ಟಿದಾಗ ಅದರ ಮುಂದೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಂಡಿದ್ದೆವು. ಈಗ ಅದಕ್ಕೆ ಒಳಗಿನಿಂದ ಹಳೇ ಪೇಪರು ಅಂಟಿಸಿದ್ದೇವೆ. ಬಿಸಿಲಿಗೆ ಟೇಪು ಜಾರುತ್ತದೆ, ವಾರಕ್ಕೊಮ್ಮೆ ಮತ್ತೆ ಅಂಟಿಸಬೇಕು. ಹಾಡಹಗಲೇ ಟ್ಯೂಬ್‌ಲೈಟ್ ಹಾಕಿಕೊಂಡು ಕೆಲಸ. ಗಾಜು ಹಾಕಿದ್ದು ಬೆಳಕು ಬರಲಿ ಅಂತಂತೆ!

ವಿಜಯಪುರದ ಬೇಸಿಗೆ ಗೊತ್ತಲ್ವಾ. ಮಧ್ಯಾಹ್ನ ಮೂರು ದಾಟಿದರೆ ನಮ್ಮ ಅಟೆಂಡರ್ ಕಾಕಾ ಬಂದು, "ಮೇಡಂ, ಆ ಕಡಿ ಕೂಡಬ್ಯಾಡ್ರೀ, ಸುಟ್ಟ ಹೋಗ್ತೀರಿ" ಅಂತ ನನ್ನ ಕುರ್ಚಿಯನ್ನೇ ಎಳೆದು ಈಚೆ ಹಾಕುತ್ತಾರೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಜೋಳದ ಮೊಳಕೆ ಪರೀಕ್ಷೆ ಇಟ್ಟಿದ್ದೆ. 25 ಡಿಗ್ರಿಯಲ್ಲಿ 10 ದಿನ ಇರಬೇಕು. ಎಂಟನೇ ದಿನ ಕರೆಂಟ್ ಹೋಯ್ತು, ಜನರೇಟರೂ ಕೈಕೊಟ್ಟಿತು. ಎ.ಸಿ. ನಿಂತಿದ್ದೇ ತಡ, ರೂಮು ಒಲೆಯಾಯಿತು. ಕೊನೆಗೆ ಒದ್ದೆ ಪೇಪರಿನ ಸುರುಳಿ ಬಿಚ್ಚಿದರೆ ಮೊಳಕೆಗಿಂತ ಬೂಷ್ಟೇ ಜಾಸ್ತಿ. ಎಲ್ಲ ಮತ್ತೆ ಮೊದಲಿನಿಂದ.

ಈಗ ಇನ್ನೊಂದು ಬ್ಲಾಕ್ ಕಟ್ಟುತ್ತಾರಂತೆ. 3ಡಿ ಚಿತ್ರ ತೋರಿಸಿದರು. ಮತ್ತೆ ಪಡುವಣಕ್ಕೇ ಗಾಜು! ಯಾಕೆ ಅಂದರೆ, "ರೋಡಿಗೆ ಕಾಣೋ ಮುಖ ಅದಽ ಅಲ್ರೀ ಮೇಡಂ."

ರೋಡಿನ ಮಾತು ಬಿಡಿ, ಸೂರ್ಯನ ದಾರಿ ನೋಡಿ. ಮೇ ಮೊದಲ ವಾರದ ಆಸುಪಾಸಿನಲ್ಲಿ ನಮ್ಮೂರಲ್ಲಿ ನಡುಹಗಲು ಅವನು ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ, ನೆರಳು ಪಾದದ ಕೆಳಗೇ ಬೀಳುತ್ತದೆ. ಅಂದರೆ ಆ ಹೊತ್ತಿನ ಬಿಸಿಲೆಲ್ಲ ಮಾಳಿಗೆಗೆ. ಗೋಡೆಗಳಿಗೆ ಬಡಿಯುವುದು ಬೆಳಿಗ್ಗೆ ಮೂಡಣದಿಂದ, ಸಂಜೆ ಪಡುವಣದಿಂದ. ಸಂಜೆಯದು ಜಾಸ್ತಿ ಕಾಡುತ್ತದೆ, ಯಾಕೆಂದರೆ ಅಷ್ಟೊತ್ತಿಗೆ ಹೊರಗಿನ ಗಾಳಿಯೂ ಕಾದಿರುತ್ತದೆ.

ಹಾಗಾಗಿ ನಾನು ಕೇಳುವುದು ಇಷ್ಟೇ. ಪಡುವಣಕ್ಕೆ ಮೆಟ್ಟಿಲು, ಸ್ಟೋರು, ಶೌಚಾಲಯ ಹಾಕಿ. ಬಿಸಿಲು ಅವು ತಿನ್ನಲಿ. ಲ್ಯಾಬು ಬಡಗಣಕ್ಕಿರಲಿ. ಮೇಯಿಂದ ಆಗಸ್ಟ್ ಆರಂಭದವರೆಗೆ ಸೂರ್ಯ ಸ್ವಲ್ಪ ಆ ಕಡೆಗೇ ವಾಲುವುದರಿಂದ ಕಿಟಕಿಗೆ ಛಜ್ಜಾ ಬೇಕು. ಮಾಳಿಗೆಗೆ ಬಿಳಿ ಟೈಲ್ಸ್ ಚೂರು ಹಾಕಿದರೂ ಎಷ್ಟೋ ಬಿಸಿಲು ವಾಪಸ್ ಹೋಗುತ್ತದೆ.

ಇದರಲ್ಲಿ ಹೊಸದೇನೂ ಇಲ್ಲ. 1656ರಲ್ಲಿ ಮುಗಿದ ಗೋಲಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ. ಮೇ ಮಧ್ಯಾಹ್ನ ಒಳಗೆ ಕಾಲಿಟ್ಟು ನೋಡಿ, ಕಲ್ಲು ಇನ್ನೂ ತಣ್ಣಗಿರುತ್ತದೆ. ನಮ್ಮಜ್ಜಿಯ ಮಣ್ಣಿನ ಮಾಳಿಗೆ ಮನೆಯೂ ಹಾಗೇ ಇತ್ತು. ಹೊಗಳಿ ಅಟ್ಟಕ್ಕೇರಿಸುವುದಿಲ್ಲ, ಮಳೆಗಾಲದಲ್ಲಿ ಅಡುಗೆಮನೆಗಿಂತ ಜಾಸ್ತಿ ಪಾತ್ರೆ ಪಡಸಾಲೆಯಲ್ಲಿರುತ್ತಿದ್ದವು, ಸೋರುವಲ್ಲಿ ಇಡಲಿಕ್ಕೆ.

ದಪ್ಪ ಗೋಡೆ ಕಟ್ಟಿದರೆ ಎ.ಸಿ.ಯೇ ಬೇಡ ಅಂತಲ್ಲ. ಡೀಪ್ ಫ್ರೀಜರಿನ ರೂಮಿಗೆ ಬೇಕೇ ಬೇಕು. ಫ್ಯೂಮ್ ಹುಡ್ ಅಂತೂ, ಅಂದರೆ ರಾಸಾಯನಿಕಗಳ ಹೊಗೆ ಹೀರುವ ಗೂಡು, ರೂಮಿನ ತಣ್ಣನೆಯ ಗಾಳಿಯನ್ನು ಹೊರಗೆ ದೂಡುತ್ತಲೇ ಇರುತ್ತದೆ. ಅಷ್ಟೇ ಬಿಸಿಗಾಳಿ ಒಳಗೆ ಬರುತ್ತದೆ, ಅದನ್ನು ಮತ್ತೆ ತಣ್ಣಗೆ ಮಾಡಬೇಕು. ಇಂಥ ರೂಮುಗಳನ್ನೆಲ್ಲ ಒಂದೇ ಕಡೆ ಸೇರಿಸಿ, ಅಲ್ಲಿಗೆ ಮಾತ್ರ ಎ.ಸಿ. ಕೊಡಿ. ಆಫೀಸು, ಲೈಬ್ರರಿ, ವರಾಂಡಕ್ಕೆ ನೆರಳು ಮತ್ತು ಫ್ಯಾನು ಸಾಕು. ಪುಣೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಖಗೋಳ ವಿಜ್ಞಾನ ಕೇಂದ್ರ, ಐಯುಕಾ, ನೋಡಿ. ಕಪ್ಪು ಕಲ್ಲಿನ ಗೋಡೆ, ನಡುವೆ ಅಂಗಳ. ಅಲ್ಲೇನು ವಿಜ್ಞಾನ ಕಡಿಮೆಯಾಗಿದೆಯಾ?

ಮುಂದಿನ ಮೀಟಿಂಗ್ ಗುರುವಾರ. ಮಧ್ಯಾಹ್ನ ನಾಲ್ಕಕ್ಕೆ, ನಮ್ಮ ಲ್ಯಾಬಿನಲ್ಲೇ ಇಡಿ ಅಂತ ಕೇಳಿಕೊಂಡಿದ್ದೇನೆ. ಕಾಕಾಗೆ ಹೇಳಿಟ್ಟಿದ್ದೇನೆ, ಅವತ್ತೊಂದು ದಿನ ಪೇಪರು ಕಿತ್ತಿಡಿ ಅಂತ.