ಕೆಟಲ್ ಕೊಳ್ಳೋರಿದ್ದಾರೆ, ಹಿಡಿ ಮಾಡೋರಿಲ್ಲ

ಹೋದ ಭಾನುವಾರ ಅಮ್ಮ ನನ್ನ ಜಪಾನಿನ ಕಬ್ಬಿಣದ ಕೆಟಲ್‌ನ ಸಬೀನಾ ಹಾಕಿ ತಿಕ್ಕಿಬಿಟ್ಟಿದ್ಲು. ನಮ್ಮ ಏರಿಯಾ ಬೋರ್‌ವೆಲ್ ನೀರಿಗೆ ಒಳಗಡೆ ಬೆಳ್ಳಗೆ ಪದರ ಕಟ್ಟಿತ್ತು, ಅದನ್ನ ಕೊಳೆ ಅಂದ್ಕೊಂಡು ಪಾಪ ಅರ್ಧ ಗಂಟೆ ಕೂತು ಉಜ್ಜಿದ್ದಾಳೆ. ಎರಡೇ ದಿನಕ್ಕೆ ತಳದಲ್ಲಿ ಕೆಂಪಗೆ ತುಕ್ಕು. "ಅಮ್ಮ, ಇದು ನಿನ್ನ ದೋಸೆ ಕಾವಲಿ ಇದ್ದಹಾಗೆ, ಪಳಗಿರೋ ಪಾತ್ರೆ, ಸೋಪು ತೋರಿಸಬಾರದು" ಅಂದೆ, ಅಷ್ಟಕ್ಕೇ ಅರ್ಥ ಆಯ್ತು ಅವಳಿಗೆ. ಆಮೇಲೆ ಇಬ್ರೂ ಸೇರಿ ಗ್ರೀನ್ ಟೀ ಎಲೆನ ಬಟ್ಟೇಲಿ ಗಂಟು ಕಟ್ಟಿ ಅದರೊಳಗೇ ಕುದಿಸಿದ್ವಿ. ಟೀನಲ್ಲಿರೋ ಒಗರು ತುಕ್ಕಿನ ಜೊತೆ ಸೇರಿ ನೀರು ಇಂಕ್ ಥರ ಕಪ್ಪಾಗುತ್ತೆ, ಆ ಕಪ್ಪೇ ತುಕ್ಕಿನ ಮೇಲೆ ಕೂತ್ಕೊಳ್ಳುತ್ತೆ. ಮೂರನೇ ಸಲ ಕುದಿಸೋ ಹೊತ್ತಿಗೆ ನೀರು ತಿಳಿಯಾಯ್ತು.

ಈ ಕೆಟಲ್ ಬಂದಿದ್ದು ಮೊರಿಯೋಕಾದಿಂದ. ಕಂಪನಿ ಕೆಲಸಕ್ಕೆ ಅಂತ ಎರಡು ವರ್ಷ ಜಪಾನಿನ ಸೆಂದಾಯ್‌ನಲ್ಲಿದ್ದೆ, ಅಲ್ಲಿಂದ ಶಿಂಕಾನ್‌ಸೆನ್ ಅನ್ನೋ ಬುಲೆಟ್ ರೈಲು ಹತ್ತಿದ್ರೆ ಒಂದು ಗಂಟೆ ಒಳಗೆ ಮೊರಿಯೋಕಾ. ಇವಾತೆ ಪ್ರಾಂತ್ಯದ ಈ ಎರಕದ ಕೆಲಸಕ್ಕೆ ನಂಬು ತೆಕ್ಕಿ ಅಂತಾರೆ, ನಂಬು ಅನ್ನೋದು ಅಲ್ಲಿ ಆಳಿದ ಮನೆತನದ ಹೆಸರು. ಒಂದು ಚಿಕ್ಕ ವರ್ಕ್‌ಶಾಪ್‌ನಲ್ಲಿ ನಾನು ಒಂದಿಡೀ ಮಧ್ಯಾಹ್ನ ನಿಂತು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಒಬ್ರು ಅಜ್ಜ ಹಸಿ ಮಣ್ಣಿನ ಅಚ್ಚು ಮುಂದಿಟ್ಕೊಂಡು, ಕೈಯಲ್ಲಿ ಪೆನ್ಸಿಲ್ ಥರದ ಒಂದು ಕಡ್ಡಿ ಹಿಡ್ಕೊಂಡು, ಒಳಗಡೆಯಿಂದ ಒಂದೊಂದೇ ಚುಕ್ಕಿ ಒತ್ತುತ್ತಾ ಹೋಗ್ತಿದ್ರು. ಆ ಗುಳಿಗಳೇ ಎರಕ ಹೊಯ್ದ ಮೇಲೆ ಕೆಟಲ್ ಮೈಮೇಲೆ ಆಲಿಕಲ್ಲಿನ ಹಾಗೆ ಎದ್ದು ನಿಲ್ಲೋದು, ಅದನ್ನ ಅರಾರೆ ಅಂತಾರೆ. ಮೇಲಿನ ಸಾಲಿನಲ್ಲಿ ಚುಕ್ಕಿ ಸಣ್ಣದು, ಹೊಟ್ಟೆ ಹತ್ರ ದೊಡ್ಡದು. ಮಣ್ಣು ಒಣಗೋದ್ರೊಳಗೆ ಮುಗಿಸಬೇಕು. ಎರಕ ಆದ್ಮೇಲೆ ಕೆಟಲ್‌ನ ಇದ್ದಿಲ ಬೆಂಕೀಲಿ 800 ಡಿಗ್ರಿಗೂ ಮೇಲೆ ಸುಡ್ತಾರೆ, ಆಗ ಒಳಗೆ ಕೂರೋ ತೆಳು ಪದರವೇ ತುಕ್ಕನ್ನ ತಡೆಯೋದು.

ಇದನ್ನೆಲ್ಲಾ ಬರೀತಿರೋದು ಯಾಕಂದ್ರೆ ಜಪಾನಿನ ಕರಕುಶಲ ವಸ್ತುಗಳನ್ನ ಹೊರದೇಶದಲ್ಲಿ ಮಾರೋ ಬಗ್ಗೆ ಒಂದು ಗ್ರೂಪಲ್ಲಿ ಚರ್ಚೆ ನಡೀತಿತ್ತು, "ಪ್ಯಾರಿಸ್‌ನೋರಿಗೆ ಅಂತ ಬಣ್ಣ ಬಳಿದು ಸಂಪ್ರದಾಯ ಹಾಳು ಮಾಡಿದ್ರು" ಅಂತ ಒಬ್ರು ಬರೆದಿದ್ರು. ನನಗೆ ಅದು ಒಪ್ಪಿಗೆ ಇಲ್ಲ. ಫ್ರಾನ್ಸಿನ ಟೀ ಅಂಗಡಿಯವರು ಗುಲಾಬಿ, ನೀಲಿ, ಹಸಿರು ಬಣ್ಣದ ಟೀಪಾಟ್ ಬೇಕು ಅಂತ ಕೇಳಿದಾಗ, ಮೊರಿಯೋಕಾದ ಇವಾಚು ಅನ್ನೋ 1902ರಲ್ಲಿ ಶುರುವಾದ ಕಾರ್ಖಾನೆ ವರ್ಷಗಟ್ಟಲೆ ಪ್ರಯೋಗ ಮಾಡಿ ಅದನ್ನ ಮಾಡಿಕೊಡ್ತು. ಇವತ್ತು ಯುರೋಪಲ್ಲಿ ಎಷ್ಟೋ ಮನೆಗಳಲ್ಲಿ ಆ ಪಾಟ್ ಇದೆ. ಅದರ ಒಳಗೆ ಎನಾಮಲ್ ಲೇಪ ಇರುತ್ತೆ, ಒಲೆ ಮೇಲೆ ಇಡೋ ಹಾಗಿಲ್ಲ, ಒಪ್ಕೋತೀನಿ, ಅದು ಬೇರೆ ವಸ್ತು, ನೀರು ಕಾಯಿಸೋ ಕೆಟಲ್ ಅಲ್ಲ. ಆದ್ರೆ ಅದೇ ಅರಾರೆ, ಅದೇ ಎರಕದ ಊರು. ಬಣ್ಣದ ಪಾಟಿನಿಂದ ಊರಿಗೆ ದುಡ್ಡು ಬಂತು, ಹುಡುಗರು ಕೆಲಸ ಕಲಿಯೋಕೆ ಬಂದ್ರು. ಅಷ್ಟಕ್ಕೂ ಹೊರದೇಶದವರ ರುಚಿಗೆ ಮಾಡೋದು ಅಲ್ಲಿ ಹೊಸದೇನಲ್ಲ, ಅರಿತಾ ಅನ್ನೋ ಊರಿನ ಪಿಂಗಾಣಿ 17ನೇ ಶತಮಾನದಲ್ಲೇ ಡಚ್ಚರ ಹಡಗಲ್ಲಿ ಯುರೋಪಿಗೆ ಹೋಗ್ತಿತ್ತು, 1873ರ ವಿಯೆನ್ನಾ ಪ್ರದರ್ಶನಕ್ಕೆ ಜಪಾನಿನ ಆಗಿನ ಮೇಜಿ ಸರ್ಕಾರವೇ ಸಾಮಾನು ಕಳಿಸಿತ್ತು. ಕ್ಯೋಟೋದಲ್ಲಿ ನಿಶಿಜಿನ್ ನೇಯ್ಗೆಯ ಹೊಸೊವೊ ಮನೆತನದವರು ಕಿಮೋನೋದ ಓಬಿಗೆ, ಅಂದ್ರೆ ಸೊಂಟಪಟ್ಟಿಗೆ, ನೇಯೋ ಸುಮಾರು 32 ಸೆಂಟಿಮೀಟರ್ ಅಗಲದ ಬಟ್ಟೇನ ಬಿಟ್ಟು 150 ಸೆಂಟಿಮೀಟರ್ ಅಗಲ ನೇಯೋ ಮಗ್ಗನೇ ಕಟ್ಟಿದ್ರು, ಆಮೇಲೆ ದೊಡ್ಡ ದೊಡ್ಡ ಫ್ಯಾಷನ್ ಅಂಗಡಿಗಳ ಗೋಡೆಗೆ ಅವರ ಬಟ್ಟೆ ಹೋಯ್ತು. ಇದು ಹಾಳು ಮಾಡಿದ್ದು ಅಂತ ನಾನಂತೂ ಅನ್ನಲ್ಲ.

ನನ್ನ ಸಂಕಟ ಬೇರೆ ಇದೆ. ಪ್ರಚಾರ ಅಂದ್ರೆ ಎಲ್ರೂ ಕೊಳ್ಳೋರನ್ನ ಹುಡುಕೋದೇ ಅಂದ್ಕೊಂಡಿದ್ದಾರೆ. ಮೇಳ, ವಿಡಿಯೋ, ಚಂದದ ಬಾಕ್ಸು, ಏರ್‌ಪೋರ್ಟ್ ಅಂಗಡಿ. 1974ರಲ್ಲೇ ಕರಕುಶಲ ಕಸುಬುಗಳಿಗೆ ಅಂತ ಕಾನೂನು ಮಾಡಿದ ದೇಶ ಜಪಾನು, ಸರ್ಕಾರದ ಪಟ್ಟಿಯಲ್ಲಿ 240ಕ್ಕೂ ಹೆಚ್ಚು ಕಸುಬುಗಳಿವೆ. ಆದ್ರೂ 1979ರ ಹೊತ್ತಿಗೆ 2.8 ಲಕ್ಷದ ಮೇಲಿದ್ದ ಕೆಲಸಗಾರರು ಈಗ 60 ಸಾವಿರಕ್ಕಿಂತ ಕಡಿಮೆ. ಅದ್ರಲ್ಲೂ ಮೊದಲು ಖಾಲಿ ಆಗೋದು ಯಾರ ಫೋಟೋನೂ ಬ್ರೋಷರ್‌ನಲ್ಲಿ ಬರದೇ ಇರೋ ಜನ. ಮೆರುಗೆಣ್ಣೆ ಕೆಲಸಾನೇ ತಗೊಳ್ಳಿ. ನಮ್ಮ ಚನ್ನಪಟ್ಟಣದ ಅರಗು ಹುಳದಿಂದ ಬರುತ್ತೆ, ಜಪಾನಿನೋರ ಮೆರುಗೆಣ್ಣೆ ಉರುಶಿ ಅನ್ನೋದು ಮರದ ಹಾಲು. ಗಿಡ ನೆಟ್ಟು ಹತ್ತು ಹದಿನೈದು ವರ್ಷ ಕಾದ್ರೆ ಒಂದು ಮರದಿಂದ ಸಿಗೋದು ಸುಮಾರು 200 ಗ್ರಾಂ. ಆ ಮರ ಗೀರೋಕೆ ಬೇರೆಯೇ ಒಂದು ಕತ್ತಿ ಬೇಕು, ಬಳಿಯೋಕೆ ಹೆಂಗಸರ ಉದ್ದ ತಲೆಗೂದಲಿಂದ ಮಾಡಿದ ಬ್ರಷ್ ಬೇಕು, ಆ ಕತ್ತಿ ಬಡಿಯೋರು, ಆ ಬ್ರಷ್ ಕಟ್ಟೋರು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಜನ. ಅವರು ನಿಲ್ಲಿಸಿದ್ರೆ ನ್ಯೂಯಾರ್ಕಲ್ಲಿ ಎಷ್ಟು ಚೆನ್ನಾಗಿ ಮಾರ್ಕೆಟಿಂಗ್ ಮಾಡಿದ್ರೂ ಮಾರೋಕೆ ಬಟ್ಟಲೇ ಇರಲ್ಲ.

2024ರ ಜನವರಿ 1ಕ್ಕೆ ಜಪಾನಿನ ನೋಟೋದಲ್ಲಿ 7.6 ತೀವ್ರತೆಯ ಭೂಕಂಪ ಆಯ್ತಲ್ಲ, ಅಲ್ಲಿನ ವಾಜಿಮಾ ಊರಿನ ಸಂತೆಬೀದಿ ಸುಟ್ಟು ಬೂದಿ ಆಯ್ತು, ಮೆರುಗೆಣ್ಣೆ ಕೆಲಸದ ಎಷ್ಟೋ ಮನೆ ಕುಸಿದವು. ಅದೇ ಏಪ್ರಿಲ್‌ನಲ್ಲಿ ಜಪಾನಿನ ಆಗಿನ ಪ್ರಧಾನಿ ಕಿಶಿದಾ ಅಮೆರಿಕಕ್ಕೆ ಹೋದಾಗ ಆಗಿನ ಅಧ್ಯಕ್ಷ ಬೈಡನ್‌ಗೆ ಕೊಟ್ಟಿದ್ದು ವಾಜಿಮಾದ ಮೆರುಗೆಣ್ಣೆ ಕಾಫಿ ಕಪ್ಪು. ನನಗೆ ಅದು ನೋಡಿ ಗಂಟಲು ಕಟ್ಟಿತ್ತು, ನಿಜ. ಅಂಥ ಸುದ್ದಿ ಆದ್ಮೇಲೆ ಜಗತ್ತೆಲ್ಲಾ ಹೆಸರು ಹುಡುಕುತ್ತೆ. ಆದ್ರೆ ಅಲ್ಲಿ ಒಂದು ಬಟ್ಟಲಿಗೆ ನೂರಕ್ಕೂ ಹೆಚ್ಚು ಹಂತ, ಮರ ಕಡೆಯೋರು ಬೇರೆ, ತಳದ ಲೇಪ ಹಚ್ಚೋರು ಬೇರೆ, ಮೇಲಿನ ಕೋಟು ಬೇರೆ, ಚಿನ್ನದ ಚಿತ್ತಾರ ಬೇರೆ. ನಡುವೆ ಒಂದು ಮನೆ ಊರು ಬಿಟ್ಟು ಹೋದ್ರೂ ಸರಪಳಿ ಅಲ್ಲಿಗೇ ನಿಂತುಹೋಗುತ್ತೆ. ಅದೇ ಸೆಪ್ಟೆಂಬರ್‌ನಲ್ಲಿ ಮತ್ತೆ ಮಳೆ ಬಂದು ಪ್ರವಾಹ ಬೇರೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ, ಹೊರದೇಶದ ಪ್ರಚಾರಕ್ಕೆ ಅಂತ ಸುರಿಯೋ ದುಡ್ಡಲ್ಲಿ ಒಂದು ಪಾಲು ಕತ್ತಿ ಬಡಿಯೋರ ಶಿಷ್ಯರ ಸಂಬಳಕ್ಕೆ, ಮರ ನೆಡೋಕೆ ಹೋಗಬೇಕು. ಕೊಳ್ಳೋರ ಹತ್ರಾನೂ ಮುಚ್ಚುಮರೆ ಇಲ್ಲದೆ ಹೇಳಲಿ, ಈ ಬಟ್ಟಲಿಗೆ ಇಷ್ಟು ಜನ ಬೇಕು, ಅದಕ್ಕೇ ಈ ಬೆಲೆ, ಅದಕ್ಕೇ ಇಷ್ಟು ದಿನ ಅಂತ. ನಮ್ಮ ಚನ್ನಪಟ್ಟಣಕ್ಕೂ ಇದು ಹೊರಗಿನ ವಿಷಯ ಅಲ್ಲ. ಬಾವಾಸ್ ಮಿಯಾನ್ ಅನ್ನೋ ಕುಶಲಕರ್ಮಿ ಜಪಾನಿನ ಮೆರುಗು ಕೆಲಸದಿಂದ ಕಲಿತು ಇಲ್ಲಿನ ಗೊಂಬೆಗೆ ಹೊಸ ರೂಪ ಕೊಟ್ರು ಅಂತ ಆ ಊರಿನೋರು ಇವತ್ತಿಗೂ ಹೇಳ್ತಾರೆ. ಗೊಂಬೆ ಬೇಕು ಅನ್ನೋರಿದ್ದಾರೆ, ಗೊಂಬೆ ಮಾಡೋ ಆಲೆಮರ ಎಲ್ಲಿಂದ ತರೋದು, ಮುಂದೆ ಕಡೆಯೋರು ಯಾರು ಅನ್ನೋ ಪ್ರಶ್ನೆ ಅಲ್ಲೂ ಇದೆ.

ತಂಗಿ ಮದುವೆಗೆ ಅಂತ ಅಂಥದ್ದೇ ಇನ್ನೊಂದು ಕೆಟಲ್ ಬೇಕಿತ್ತು, ಆ ವರ್ಕ್‌ಶಾಪಿಗೆ ಮೇಲ್ ಹಾಕಿದ್ದೆ. ನಿನ್ನೆ ಉತ್ತರ ಬಂತು. ಕೆಟಲ್ ರೆಡಿ ಮಾಡಬಹುದಂತೆ, ಆದ್ರೆ ಮೇಲಿನ ಹಿಡಿ ಮಾಡೋದು ಬೇರೆ ಕಮ್ಮಾರರು, ಒಳಗೆ ಟೊಳ್ಳು ಇರೋ ಹಾಗೆ ತಗಡು ಬಡಿದು ಸುತ್ತಬೇಕು, ಅದಿದ್ರೇನೇ ಕೈಗೆ ಅಷ್ಟು ಬೇಗ ಬಿಸಿ ಹತ್ತಲ್ಲ. ಅದು ಗೊತ್ತಿರೋರು ಈಗ ತುಂಬಾ ಕಡಿಮೆ, ಎರಡು ವರ್ಷ ಕಾಯಬೇಕಾಗುತ್ತೆ, ಕ್ಷಮಿಸಿ ಅಂತ ಬರೆದಿದ್ರು. ಮದುವೆ ಇರೋದು ಫೆಬ್ರವರಿಗೆ. ತಂಗೀನ ಕೇಳಿದೆ, "ಪರವಾಗಿಲ್ಲ ಅಣ್ಣ, ಬಂದಾಗ ಬರಲಿ" ಅಂದ್ಳು. ಅವಳ ಹೆಸರಲ್ಲೇ ಬರೆಸಿದೀನಿ.