ಕಸದಿಂದ ಎದ್ದುಬಂದ ಹಾಡುಗಳು

ಅಮೆರಿಕದ ಕಂಟ್ರಿ ಸಂಗೀತದ ಗಾಯಕ ಹ್ಯಾಂಕ್ ವಿಲಿಯಮ್ಸ್ ಬಗ್ಗೆ ನಿಮ್ಮ ಲೇಖನ ಓದಿದೆ, ಚೆನ್ನಾಗಿ ಬರೆದಿದ್ದೀರಿ. ಆದರೆ ಹಿಟ್ ಹಾಡುಗಳಲ್ಲೇ ಮುಗಿಸಿಬಿಟ್ಟಿರಿ, 1951ರ ರೇಡಿಯೋ ರೆಕಾರ್ಡಿಂಗ್‌ಗಳ ಮಾತೇ ಇಲ್ಲ. ನ್ಯಾಶ್‌ವಿಲ್‌ನ ಡಬ್ಲ್ಯುಎಸ್ಎಂ ಸ್ಟೇಷನ್‌ನಲ್ಲಿ ಬೆಳ್ಳಂಬೆಳಗ್ಗೆ 15 ನಿಮಿಷದ ಕಾರ್ಯಕ್ರಮ ಅದು. ಪ್ರಾಯೋಜಕರು ಮದರ್ಸ್ ಬೆಸ್ಟ್ ಅನ್ನೋ ಹಿಟ್ಟಿನ ಕಂಪನಿ. ಊರೂರು ತಿರುಗುವಾಗ ಪ್ರಸಾರ ತಪ್ಪಬಾರದು ಅಂತ ಹ್ಯಾಂಕ್ ಮೊದಲೇ ಡಿಸ್ಕ್‌ಗೆ ಹಾಡಿಟ್ಟು ಹೋಗುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಆ ಡಿಸ್ಕ್‌ಗಳನ್ನು ಕಸಕ್ಕೆ ಹಾಕಿದಾಗ ಎತ್ತಿಟ್ಟುಕೊಂಡವರು ಫೋಟೋಗ್ರಾಫರ್ ಲೆಸ್ ಲೆವೆರೆಟ್. ಆಮೇಲೆ ಹಕ್ಕು ಯಾರದು ಅಂತ ಕೋರ್ಟು ಕಚೇರಿ. ಜನರ ಕೈಗೆ ಸಿಕ್ಕಿದ್ದು 2008ರಲ್ಲಿ!

ಒಮ್ಮೆ ಕೇಳಿ ನೋಡಿ. ನಿದ್ದೆಗಣ್ಣಿನ ತಮಾಷೆ, ಹಿಟ್ಟಿನ ಜಾಹೀರಾತು, ನಡುವೆ ಒಂದು ಭಕ್ತಿಗೀತೆ. ಸ್ಟುಡಿಯೋ ಹಾಡುಗಳಿಗಿಂತ ದನಿ ಇಲ್ಲಿ ಜಾಸ್ತಿ ಸಲೀಸು, ಪಕ್ಕದಲ್ಲೇ ಕೂತು ಹಾಡಿದ ಹಾಗಿದೆ. (ಹೆಂಡತಿ ಆಡ್ರಿ ದನಿಗೂಡಿಸಿದ ಕಡೆ ಮಾತ್ರ ನಾನು ಸುಮ್ನೆ ಮುಂದಕ್ಕೆ ಓಡಿಸುತ್ತೇನೆ, ಕ್ಷಮಿಸಿ!) ಇಷ್ಟು ನಗುತ್ತಿದ್ದ ಮನುಷ್ಯ 1953ರ ಜನವರಿ 1ಕ್ಕೆ, ಶೋಗೆ ಹೊರಟ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡರು. ವಯಸ್ಸು ಬರೀ 29 ಅಲ್ವಾ.